ಕಾಜಕ್ಕ ಮುಗಿಸಲೊಲ್ಲದ ಕಾದಂಬರಿ

ಕಾಜಕ್ಕನ ಮುತ್ತಜ್ಜ ಡೇರೆ ಹೊಲಿಯುತ್ತಿದ್ದವನು. ಒಮ್ಮೆ ಬಿರುಗಾಳಿ ಬೀಸಿ ಅವನ ಡೇರೆಯ ಕಂಬ ಮುರಿಯಿತು, ಗೂಟಗಳು ಕಿತ್ತುಬಂದವು, ಡೇರೆಗೆ ಡೇರೆಯೇ ಹಾರಿಹೋಗಿ ಮರದ ಮೇಲೆ ಕೂತಿತು. ಹೊಲಿಗೆ ಮಾತ್ರ ಒಂದೆಳೆ ಬಿಚ್ಚಲಿಲ್ಲ. ಅವನ ಮಗಳು, ಅಂದರೆ ಕಾಜಕ್ಕನ ಅಜ್ಜಿ, ದೊಡ್ಡಗಂಟಲಿನವಳೆಂದೇ ಹೆಸರಾದವಳು. ನಮ್ಮ ಕೋಟಿನ ಕಾರ್ಖಾನೆಯ ಕೈಕೆಲಸದ ಕೋಣೆಯಲ್ಲಿ ಹೆಂಗಸರು ಗುಂಡಿ ತೂರುವ ಕಾಜಾ ಹೊಲಿಯುತ್ತ, ಗುಂಡಿ ಹಚ್ಚುತ್ತ ದಿನವಿಡೀ ಒಬ್ಬರ ಮೇಲೊಬ್ಬರು ಚಾಡಿ ಹೇಳಿ ಕಚ್ಚಾಡುತ್ತಿದ್ದ ಕಾಲ ಅದು. ಆಕೆ ಒಂದು ದಿನ ಸೂಜಿ ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತು, “ಜಗಳ ತಾನೇ ಬೇಕು ನಿಮಗೆ? ಪುಸ್ತಕದಲ್ಲಿ ಇದಕ್ಕಿಂತ ಒಳ್ಳೇ ಜಗಳ ಇದೆ, ಕೇಳಿ” ಎಂದು ಒಂದು ಕಾದಂಬರಿ ತೆಗೆದು ಓದಿದಳು. ಅಂದಿನಿಂದ ಆ ಕೋಣೆಯಲ್ಲಿ ಒಂದು ರೂಢಿ ನಿಂತಿತು. ಒಬ್ಬಳು ಓದಬೇಕು, ಅವಳ ಪಾಲಿನ ಕೋಟುಗಳನ್ನು ಉಳಿದವರು ಹಂಚಿಕೊಂಡು ಹೊಲಿಯಬೇಕು.

ಕಾಜಕ್ಕನ ತಾಯಿ ಅದಕ್ಕೊಂದು ಕಟ್ಟಳೆ ಹಾಕಿದಳು. ಓದುವವಳು ಪುಸ್ತಕದಲ್ಲಿ ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ಒಂದು ಕಥೆಯಲ್ಲಿ ನಾಯಕಿ ಸಾಯುವ ಗಳಿಗೆ ಬಂದಾಗ ಇಡೀ ಕೋಣೆ “ಅವಳನ್ನ ಉಳಿಸೇ ಮಾರಾಯ್ತಿ” ಎಂದು ಬೇಡಿಕೊಂಡಿತು. ಆಕೆ ತಾನೂ ಬಿಕ್ಕುತ್ತಲೇ ಅವಳನ್ನು ಸಾಯಿಸಿ ಪುಟ ಮಗುಚಿದಳು.

ಮುತ್ತಜ್ಜನದೂ ಅಜ್ಜಿಯದೂ ಕೇಳಿದ ಮಾತು. ತಾಯಿಯದೂ ಮಗಳದೂ ನಾನು ಕಣ್ಣಾರೆ ಕಂಡದ್ದು. ಅದೇ ಕೋಣೆಯ ತುದಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ನನ್ನದಾಗಿತ್ತು. ನಾನು ಶಾಲೆಯ ಹೊರಗೋಡೆಯನ್ನಷ್ಟೇ ಬಲ್ಲವನು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆಯುತ್ತ ಬರೆಯುತ್ತ ಅಕ್ಷರ ಕಲಿತೆ. ಆ ಸ್ಟೂಲಿನ ಕಡೆ ಕಿವಿಯಿಟ್ಟು ಓದಿನ ರುಚಿ ಹತ್ತಿಸಿಕೊಂಡೆ. ಕಾಜಕ್ಕನ ವಿಷಯ ಬರೆಯಲು ಕಲಿತವರನ್ನು ಕರೆಯಬೇಕಾಗಿಲ್ಲ.

ಎಳೆವಯಸ್ಸಿನಲ್ಲಿ ಅವಳು ಹೊಲಿದ ಕಾಜಾ ನೋಡಿದರೆ ಯಂತ್ರ ನಾಚಬೇಕು. ಹೆಸರು ಬಂದದ್ದು ಅಲ್ಲಿಂದ. ತಾಯಿ ಹೋದ ಮೇಲೆ ಸ್ಟೂಲು ಮಗಳಿಗೆ ಬಂತು, ಸೂಜಿ ಕೈಬಿಟ್ಟಿತು. ಹೆಸರು ಮಾತ್ರ ಉಳಿಯಿತು.

ಅವಳಷ್ಟು ಬಗೆಬಗೆಯ ಪುಸ್ತಕ ಓದಿದವರನ್ನು ನಾನು ಕಂಡಿಲ್ಲ. ಜ್ಞಾನದ ಹಸಿವು ಅಂತ ಯಾರಾದರೂ ಹೇಳಿಯಾರು, ಸುಳ್ಳು. ಅವಳ ಓದಿಗೆ ಗುರು ಒಬ್ಬನೇ, ಹೊಟ್ಟೆಕಿಚ್ಚು. ತಾನು ಓದದ ಪುಸ್ತಕ ಇನ್ನೊಬ್ಬರ ಕೈಯಲ್ಲಿ ಕಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಬೀದಿಯ ತುದಿಯ ಕ್ಷೌರಿಕ ಕೊಲೆಯ ಕಥೆಗಳ ಹುಚ್ಚ. ಅವನು ಓದಿ ಮುಗಿಸುವ ಮೊದಲೇ ಕೊಲೆಗಾರ ಯಾರೆಂದು ಇವಳಿಗೆ ತಿಳಿಯಬೇಕು. ಸೂಲಗಿತ್ತಿ ಹೆರಿಗೆಯ ಪುಸ್ತಕ ಓದುತ್ತಿದ್ದಾಳೆಂದು ಕೇಳಿ, ಮಕ್ಕಳಿಲ್ಲದ ಇವಳು ಅವಳ ಜಗಲಿಯಲ್ಲೇ ಠಿಕಾಣಿ ಹೂಡಿ ಅದನ್ನು ಮುಗಿಸಿಕೊಂಡು ಬಂದಳು. ಒಮ್ಮೆ ಹೊಲಿಗೆ ಯಂತ್ರ ಸರಿಮಾಡುವವನ ಚೀಲದಿಂದ ಅವನ ಕೈಪಿಡಿಯನ್ನು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಳು.

“ಅರ್ಥ ಆಯ್ತಾ ಕಾಜಕ್ಕಾ?” ಎಂದು ಕೇಳಿದೆ.

“ಅವನಿಗೆ ಆಗಿದ್ದಷ್ಟು ನನಗೂ ಆಯ್ತು. ನೀನು ಕತ್ತರಿ ನೋಡ್ಕೋ.”

ಹೀಗೆ ಹಡಗು, ಹಾವು, ರಾಜರ ಯುದ್ಧ, ಪ್ರೇಮ, ಕಾಮಾಲೆ, ಸೇತುವೆ ಕಟ್ಟುವ ಬಗೆ ಎಲ್ಲವೂ ಅವಳ ಹೊಟ್ಟೆ ಸೇರಿದ್ದವು. ಆದರೆ ಸ್ಟೂಲಿನ ಮೇಲೆ ಓದುತ್ತಿದ್ದದ್ದು ಕಾದಂಬರಿ ಮಾತ್ರ. ಉಳಿದದ್ದು ತನ್ನ ಉರಿ ಶಮನಕ್ಕೆ.

ಇಂಥವಳ ಮಗ್ಗುಲಿಗೆ ಓರಗಿತ್ತಿ ಬಂದಳು. ಗಂಡನ ತಮ್ಮನ ಹೆಂಡತಿ. ನಾವೆಲ್ಲ ಕಿರಿಯಳು ಎಂದೇ ಕರೆಯುತ್ತಿದ್ದೆವು. ಎರಡು ಸಂಸಾರಕ್ಕೂ ನಡುವೆ ಒಂದು ಹಲಗೆಯ ಗೋಡೆ. ಸಂಜೆ ಆ ಕಡೆ ಪುಟ ಮಗುಚಿದರೆ ಈ ಕಡೆ ಕೇಳುತ್ತಿತ್ತಂತೆ. ಕಾಜಕ್ಕನ ಗಂಡ ಒಮ್ಮೆ ನನ್ನ ಹತ್ತಿರ ಗೋಳಾಡಿದ: “ಇಲಿ ಓಡಾಡಿದ್ರೂ ಇವಳು ಗೋಡೆಗೆ ಕಿವಿ ಹಚ್ತಾಳೆ ಮೇಸ್ತ್ರಿ. ‘ಅವಳು ಇನ್ನೊಂದು ಪುಟ ಓದಿದ್ಲು ಕಣ್ರೀ’ ಅಂತಾಳೆ. ನನ್ನ ನಿದ್ದೆ ಹಾಳು.”

ಕಿರಿಯಳು ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದಳು. ಮೆದು ಮಾತಿನವಳು, ಕೈ ಚುರುಕು. ಊಟದ ಬಿಡುವಿನಲ್ಲಿ ಮೂಲೆಯಲ್ಲಿ ಕೂತು ಜೇನುಹುಳುಗಳ ಬಗ್ಗೆ ಒಂದು ಪುಸ್ತಕ ಓದುತ್ತಿದ್ದಳು. ಪಕ್ಕದವಳು ಇಣುಕಿದಳು, ಅವಳ ಪಕ್ಕದವಳೂ ಇಣುಕಿದಳು. ವಾರ ಕಳೆಯುವಷ್ಟರಲ್ಲಿ ಡಬ್ಬಿಗಳೆಲ್ಲ ಆ ಮೂಲೆಗೆ ಸರಿದಿದ್ದವು. ಕಾಜಕ್ಕ ತನ್ನ ಡಬ್ಬಿಯ ಮುಂದೆ ಒಬ್ಬಳೇ ಕೂತು ತುತ್ತನ್ನು ಕಲ್ಲಿನ ಹಾಗೆ ನುಂಗುತ್ತಿದ್ದಳು.

“ಗೂಡಲ್ಲಿ ಹೊಸ ರಾಣಿ ಹುಟ್ಟಿದ್ರೆ ಹಳೇ ರಾಣಿ ಗೂಡು ಬಿಟ್ಟು ಹೋಗುತ್ತಂತೆ ಕಾಜಕ್ಕಾ!” ಎಂದು ಒಬ್ಬಳು ಹುಡುಗಾಟಕ್ಕೆ ಕೂಗಿದಳು.

“ಹೋಗೋ ಮುಂಚೆ ಕುಟುಕಿ ಹೋಗುತ್ತೆ. ಅದನ್ನೂ ಓದಿಸಿಕೋ” ಎಂದಳು ಕಾಜಕ್ಕ.

ನಗು ಎದ್ದಿತು. ನಗು ಅಡಗಿದ ಮೇಲೆ ಹೆಂಗಸರು ಮನಸ್ಸಿನಲ್ಲಿದ್ದದ್ದನ್ನು ಹೊರಗಿಟ್ಟರು. ಬರೀ ಕಥೆ ಕೇಳಿ ಸಾಕಾಗಿದೆ, ಇಂಥದ್ದೂ ಬೇಕು. ಒಂದು ಪುಸ್ತಕ ಕಾಜಕ್ಕ ಓದಲಿ, ಅದು ಮುಗಿದ ಮೇಲೆ ಒಂದು ಕಿರಿಯಳು ಓದಲಿ. ಕಿರಿಯಳು ತಲೆ ತಗ್ಗಿಸಿ, “ಅಕ್ಕ ಒಪ್ಪಿದ್ರೆ ಮಾತ್ರ” ಎಂದಳು. ಆ ವಿನಯವೇ ಕಾಜಕ್ಕನ ಎದೆಗೆ ಮೆಣಸಿನಪುಡಿ ಎರಚಿತು. ಎಲ್ಲರೆದುರು ಇಲ್ಲ ಅನ್ನುವುದು ಹೇಗೆ? “ನನ್ನದೇನಿದೆ, ಸ್ಟೂಲು ಕಾರ್ಖಾನೆಯದು” ಎಂದಳು. ಸ್ಟೂಲು ಕಾರ್ಖಾನೆಯದಾದರೂ ಅದರ ಮೇಲೆ ಮೂರು ತಲೆಮಾರು ಕೂತಿದೆ. ಅದನ್ನು ಬಿಟ್ಟರೆ ತನಗೇನಿದೆ ಎಂಬುದು ಅವಳ ಮುಖದಲ್ಲಿ ಬರೆದಿತ್ತು.

ಆಗ ಅವಳು ಓದುತ್ತಿದ್ದದ್ದು ಒಬ್ಬ ಗಡಿಯಾರ ರಿಪೇರಿಯವನ ಕಾದಂಬರಿ. ಮುನಿಸಿಕೊಂಡು ಮನೆ ಬಿಟ್ಟ ಹೆಂಡತಿಯನ್ನು ಹುಡುಕಿ ಅವನು ಊರೂರು ತಿರುಗುತ್ತಾನೆ. ಪುಸ್ತಕ ದಪ್ಪವೇನಲ್ಲ. ಇನ್ನೇನು ಹೆಂಡತಿ ಸಿಗುತ್ತಾಳೆ, ಪುಸ್ತಕ ಮುಗಿಯುತ್ತದೆ, ಸ್ಟೂಲು ಕೈಬದಲಾಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಕಿರಿಯಳು ನಕ್ಷತ್ರಗಳ ಬಗ್ಗೆ ಒಂದು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ದಿನವೂ ಚೀಲದಲ್ಲಿ ತರುತ್ತಿದ್ದಳು.

ಹೆಂಡತಿ ಸಿಗಲಿಲ್ಲ.

ಗಡಿಯಾರದವನು ಹಡಗು ಹತ್ತಿದ. ಹಾಯಿ ಹರಿಯಿತು, ಹಡಗು ಮುಳುಗಿತು, ಹಲಗೆ ಹಿಡಿದು ದಡ ಸೇರಿದ. ದಡದಲ್ಲಿ ಕಾಮಾಲೆ ಬಂತು. ಕಣ್ಣು ಹೇಗೆ ಹಳದಿಯಾಯಿತು, ನಾಲಿಗೆ ಹೇಗೆ ರುಚಿ ಕಳೆದುಕೊಂಡಿತು ಎಂದು ಕೇಳುತ್ತ ನಮ್ಮ ನಾಲಿಗೆಯೂ ಕಹಿಯಾಯಿತು. ವಾಸಿಯಾದ ಮೇಲೆ ಸೇತುವೆ ಕಟ್ಟುವವರ ಜೊತೆ ಕೂಲಿಗೆ ಸೇರಿದ. ಅಲ್ಲೊಂದು ಕೊಲೆಯಾಯಿತು, ಅನುಮಾನ ಇವನ ಮೇಲೆ. ತಪ್ಪಿಸಿಕೊಂಡು ಒಬ್ಬ ಜೇನು ಸಾಕುವವನ ತೋಟದಲ್ಲಿ ಅಡಗಿದ. ಪ್ರತಿ ಸಂಜೆ ಗಂಟೆ ಬಾರಿಸುವಾಗ ಹೆಂಗಸರು ಬಾಯಿ ಬಿಟ್ಟುಕೊಂಡು “ಅವಳು ಸಿಕ್ತಾಳಾ ಇಲ್ವಾ?” ಎಂದು ಕೇಳುವುದು, ಕಾಜಕ್ಕ ಪುಸ್ತಕ ಮುಚ್ಚಿ “ನಾಳೆ ನೋಡೋಣ” ಎನ್ನುವುದು. ಅವಳ ಕೆನ್ನೆಯಲ್ಲಿ ಹೊಸ ಕಳೆ ಬಂದಿತ್ತು. ಡಬ್ಬಿಗಳು ಮತ್ತೆ ಅವಳ ಸುತ್ತ ಸರಿದಿದ್ದವು. ಆ ಮೂಲೆಯಲ್ಲಿ ಕಿರಿಯಳೊಬ್ಬಳೇ ಉಣ್ಣುತ್ತಿದ್ದಳು.

ನನಗೆ ಅನುಮಾನ ಹುಟ್ಟಿತ್ತು. ಅಳತೆಗಿಂತ ಹೆಚ್ಚು ಬಟ್ಟೆ ಒಂದು ಥಾನಿನಿಂದ ಬರುವುದಿಲ್ಲ, ಇದು ಬಟ್ಟೆ ಕತ್ತರಿಸುವವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಬಾಯಿ ಬಿಡಲಿಲ್ಲ. ಆ ಕಥೆ ನನಗೂ ಬೇಕಾಗಿತ್ತು.

ಕಿರಿಯಳಿಗಂತೂ ಗೊತ್ತಾಗಿತ್ತು. ಜೇನುಗೂಡಿಗೆ ಹೊಗೆ ಹಾಕುವ ಬಗೆಯನ್ನು ಗಡಿಯಾರದವನು ಅವಳ ಪುಸ್ತಕದ ಮಾತಿನಲ್ಲೇ ಹೇಳಿದ್ದ. ಮರುದಿನ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಅವಳು ಕಾಜಕ್ಕನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

“ಅಕ್ಕಾ, ಆ ಗಡಿಯಾರದವನು ತುಂಬಾ ಓದಿಕೊಂಡಿದ್ದಾನೆ ಅಲ್ವಾ?”

“ಓದೋರು ನೀನೊಬ್ಬಳೇ ಅಂದ್ಕೊಂಡಿದ್ಯಾ?”

“ಛೆ, ಹಾಗಲ್ಲ. ಅವನಿಗೆ ನಕ್ಷತ್ರಗಳ ವಿಷಯ ಮಾತ್ರ ಇನ್ನೂ ಗೊತ್ತಿಲ್ಲ ಅನ್ಸುತ್ತೆ. ಬೇಕಾದ್ರೆ ಪುಸ್ತಕ ನನ್ನ ಚೀಲದಲ್ಲೇ ಇದೆ.”

ಕಾಜಕ್ಕ ನಲ್ಲಿ ನಿಲ್ಲಿಸದೆ ಹೊರಟುಹೋದಳು. ಬೈದಿದ್ದರೆ ತಾಳಿಕೊಳ್ಳುತ್ತಿದ್ದಳು. ಕೊಡಲು ಬಂದದ್ದು ತಾಳಲಾರದಾಯಿತು.

ಗುಟ್ಟು ಒಡೆದದ್ದು ದಾರದಜ್ಜಿಯಿಂದ. ಹೊಲಿದಾದ ಮೇಲೆ ಉಳಿದ ದಾರದ ತುದಿ ಕತ್ತರಿಸುವ ಮುದುಕಿ, ಒಂದು ಕಿವಿ ಪೂರಾ ಮಂದ. ಅವತ್ತು ಗಡಿಯಾರದವನು ನದಿಯ ಈ ದಡದಲ್ಲಿದ್ದ. ಆ ದಡದ ದೋಣಿಯಲ್ಲಿ ನೀಲಿ ಶಾಲು ಹೊದ್ದ ಹೆಂಗಸೊಬ್ಬಳು ಬೆನ್ನು ಮಾಡಿ ನಿಂತಿದ್ದಳು. ಅಷ್ಟರಲ್ಲಿ ದಾರದಜ್ಜಿ ಕೈಯೆತ್ತಿದಳು.

“ತಡಿಯೇ ತಾಯಿ, ನಂಗೆ ಕೇಳ್ಲಿಲ್ಲ. ದೋಣೀಲಿ ಯಾರು? ಆ ಪುಟ ಇನ್ನೊಂದ್ಸಲ ಓದು.”

ಕಾಜಕ್ಕ ಗಂಟಲು ಸರಿಮಾಡಿಕೊಂಡು ಓದಿದಳು. ಈ ಸಲ ಹೆಂಗಸು ಕೆಂಪು ಶಾಲು ಹೊದ್ದಿದ್ದಳು.

ಬೇರೆ ಯಾವ ಕೆಲಸದವರಾದರೂ ಗಮನಿಸುತ್ತಿರಲಿಲ್ಲವೇನೋ. ಇವರು ದಿನವಿಡೀ ಕೋಟಿನ ಬಣ್ಣಕ್ಕೆ ದಾರದ ಬಣ್ಣ ಕೂಡಿಸುವವರು. ಕಡುನೀಲಿಗೂ ಕಪ್ಪಿಗೂ ಇರುವ ವ್ಯತ್ಯಾಸಕ್ಕೆ ಬೈಸಿಕೊಂಡವರು. ಎಲ್ಲ ಸೂಜಿಗಳೂ ಒಟ್ಟಿಗೆ ನಿಂತವು.

“ಆಗ ನೀಲಿ ಅಂದ್ರಿ ಕಾಜಕ್ಕಾ.”

“ಹೂಂ, ನಾನೂ ಕೇಳಿದೆ. ನೀಲಿ.”

ಕಾಜಕ್ಕನ ಮುಖ ಇಂಗು ತಿಂದ ಮಂಗನಂತಾಯಿತು. ಆಗ ಕಿರಿಯಳು ಗುಂಡಿಯಿಂದ ಕಣ್ಣೆತ್ತದೆ ಹೇಳಿದಳು: “ಎರಡೂ ಕಡೆ ಬೇರೆ ಬೇರೆ ಬಣ್ಣದ ಶಾಲು ಇರುತ್ತೆ ಬಿಡಿ. ಗಾಳಿಗೆ ಮಗುಚಿರಬೇಕು. ಅಕ್ಕಾ, ಮುಂದೆ ಓದಿ.”

ಇಡೀ ಕೋಣೆ ಒಪ್ಪಿಕೊಳ್ಳಲು ತಯಾರಿತ್ತು. ಕಾಜಕ್ಕ ಹೂಂ ಅಂದಿದ್ದರೆ ಸಾಕು, ಗಡಿಯಾರದವನು ಇನ್ನೂ ಎಷ್ಟೋ ನದಿ ದಾಟುತ್ತಿದ್ದ. ಆದರೆ ತನ್ನ ಮಾನ ಆ ಓರಗಿತ್ತಿಯ ಕೈಯಿಂದ ದಾನವಾಗಿ ಬರುವುದೇ? ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

“ಯಾವ ಶಾಲೂ ಇಲ್ಲ, ದೋಣಿಯೂ ಇಲ್ಲ. ಪುಸ್ತಕ ಯಾವಾಗಲೋ ಮುಗಿದಿದೆ. ಇವಳಿಗೆ ಸ್ಟೂಲು ಬಿಡಬಾರದು ಅಂತ ನಾನೇ ಎಳೆದೆ.”

ದಾರದಜ್ಜಿ, ಏನೂ ಸರಿಯಾಗಿ ಕೇಳಿಸದೆ, “ಹೆಂಡ್ತಿ ಸಿಕ್ಕಳಾ?” ಎಂದಳು.

“ಸಿಕ್ಕಳು ಅಜ್ಜಿ” ಎಂದಳು ಕಾಜಕ್ಕ. “ತನ್ನ ಅಕ್ಕನ ಮನೇಲೇ ಇದ್ಲು. ಇವನು ಬಾಗಿಲು ಬಡಿದ, ಅವಳು ತೆಗೆದಳು. ಅಷ್ಟೇ.”

“ಅಷ್ಟೇನಾ? ಥೂ! ಹಡಗು?”

“ಹಡಗು ನನ್ನದು.”

“ಹಾಗಾದ್ರೆ ನಿನ್ನದೇ ಹೇಳು ಮಗಳೇ. ಪುಸ್ತಕ ಯಾರಿಗೆ ಬೇಕು?”

ಹಲವರು ತಲೆಯಾಡಿಸಿದರು. ಕಾಜಕ್ಕನ ಕಣ್ಣಲ್ಲಿ ಒಂದು ಗಳಿಗೆ ಆಸೆ ಮಿಂಚಿದ್ದನ್ನು ನಾನು ನೋಡಿದೆ. ಆದರೆ ಕಟ್ಟಳೆ ಹಾಕಿದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು ಅವಳು. ಸ್ಟೂಲಿನಿಂದ ಇಳಿದು ಬಂದು ಕಾಜಾ ಹೊಲಿಯುವವರ ಸಾಲಿನಲ್ಲಿ ಕೂತು, ಯಾರ ಕಡೆಗೂ ನೋಡದೆ ಒಂದು ಕೋಟು ಎಳೆದುಕೊಂಡಳು. “ಏ ಹುಡುಗಿ, ಹತ್ತು ಮೇಲೆ. ನಿನ್ನ ನಕ್ಷತ್ರ ತೆಗಿ” ಎಂದಳು.

ಕಿರಿಯಳು ಹೆದರುತ್ತಲೇ ಹತ್ತಿದಳು. ಅವಳ ದನಿ ಸಣ್ಣದು, ಆದರೆ ಓದು ಸ್ವಚ್ಛ. ಈಗ ಕಾಣುವ ಬೆಳಕು ಎಷ್ಟೋ ಹಿಂದೆ ನಕ್ಷತ್ರದಿಂದ ಹೊರಟದ್ದು ಎಂಬ ಮಾತು ಬಂದಾಗ ಹೆಂಗಸರು ಸೂಜಿ ಹಿಡಿದ ಕೈಯನ್ನು ಹಾಗೇ ಮೇಲೆತ್ತಿ ಕಿಟಕಿಯತ್ತ ನೋಡಿದರು, ಹಾಡುಹಗಲಲ್ಲಿ! ಕಾಜಕ್ಕ ನೋಡಲಿಲ್ಲ. ಹಲ್ಲು ಕಚ್ಚಿ ಹೊಲಿಯುತ್ತಿದ್ದಳು.

ಕೈ ಅವಳ ಮಾತು ಕೇಳುತ್ತಿರಲಿಲ್ಲ. ಇಷ್ಟು ವರ್ಷ ಅವಳ ಪಾಲನ್ನು ಬೇರೆಯವರೇ ಹೊಲಿದಿದ್ದರು. ಯಂತ್ರವನ್ನು ನಾಚಿಸಿದ ಬೆರಳಿಗೆ ಈಗ ದಾರ ಗಂಟಾಗುತ್ತಿತ್ತು, ಕಾಜಾ ಸೊಟ್ಟ ಬಾಯಿ ತೆರೆಯುತ್ತಿತ್ತು. ಕಿರಿಯಳ ಪಾಲಿನ ಕೋಟುಗಳೂ ರೂಢಿಯ ಪ್ರಕಾರ ಹಂಚಿಕೆಯಾಗಿ ಇವಳ ಮುಂದೆ ಬಂದು ಬಿದ್ದವು. ಉಳಿದವರ ರಾಶಿ ಕರಗಿತು, ಇವಳದು ಹಾಗೇ ಕೂತಿತ್ತು. ಪಕ್ಕದವಳು ಮೆಲ್ಲಗೆ ಒಂದು ಕೋಟನ್ನು ಎಳೆದುಕೊಳ್ಳಲು ನೋಡಿದಳು. ಕಾಜಕ್ಕ ಮೊಣಕೈಯಿಂದ ಒತ್ತಿ ಹಿಡಿದಳು.

ಸಂಜೆಯ ಗಂಟೆ ಬಾರಿಸಿ ಎಲ್ಲರೂ ಎದ್ದರೂ ಅವಳು ಏಳಲಿಲ್ಲ. ಕಿರಿಯಳು ಸ್ಟೂಲಿನಿಂದ ಇಳಿದು ಹತ್ತಿರ ಬಂದಳು.

“ಅಕ್ಕಾ, ಒಂದು ನಾಲ್ಕು ನನಗೆ ಕೊಡಿ. ಮನೆಗೆ ಒಯ್ದು ಹೊಲಿದುಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ.”

ಕಾಜಕ್ಕ ತಲೆಯೆತ್ತದೆ ದಾರವನ್ನು ಹಲ್ಲಿನಿಂದ ಕಡಿದಳು.

“ಮುಟ್ಟಿದ್ರೆ ಸೂಜಿ ಚುಚ್ತೀನಿ ನೋಡು. ಸ್ಟೂಲು ತಗೊಂಡೆ, ಕೋಟೂ ಬೇಕಾ ನಿಂಗೆ? ಹೋಗು, ಹೋಗಿ ಗಂಟಲಿಗೆ ಬಿಸಿನೀರು ಕುಡಿ, ಆ ಮೂಲೆಗೆ ಒಂದಕ್ಷರ ಕೇಳಲ್ಲ ನಿನ್ನ ಓದು. ಮತ್ತೆ ಆ ಪುಸ್ತಕ ಇಲ್ಲೇ ಇಟ್ಟು ಹೋಗು. ನಾಳೆ ನೀನು ಓದೋದನ್ನ ನಾನು ಇವತ್ತೇ ಓದಬೇಕು.”