ತಾಂಡೇಲನ ಹುರುಪು

ಮಳೆಗಾಲ. ಬೋಟುಗಳೆಲ್ಲ ಟಾರ್ಪಾಲು ಹೊದ್ದು ದಡದಲ್ಲಿದ್ದವು. ಹಾಡಹಗಲೇ ನನ್ನ ತಮ್ಮನ ಮಗ ರಘು, ಶಿರೂರಿನ ತೀರದಲ್ಲಿ, ಒಬ್ಬನೇ ಸಣ್ಣ ದೋಣಿ ಕಡಲಿಗೆ ದೂಡುತ್ತಿದ್ದ. ಅಲೆ ತೆಂಗಿನೆತ್ತರ.

"ಅತ್ತೆ, ಹತ್ಕಣಿ! ಮುಂಬೈಗ್ ಹೋಯಿ ಬಪ್ಪ!" ಎಂದು ನಗುತ್ತಿದ್ದ.

ಹಿಡಿದು ತರಲು ನಾಲ್ಕು ಗಂಡಸರು ಬೇಕಾದರು. ಬೈಂದೂರು ಸಂತೆಯಲ್ಲಿ ಮೀನು ಮಾರಿ ಮುದುಕಿಯಾದವಳು ನಾನು. ಕುಡುಕರನ್ನು ಕಂಡಿದ್ದೇನೆ. ಇಂಥದ್ದು ಕಂಡಿರಲಿಲ್ಲ. (ಅವ ಕುಡಿಯುವುದೂ ಇಲ್ಲ.)

ರಘು ತಾಂಡೇಲ. ಬೋಟ್ ನಡೆಸುವವ, ಬಲೆ ಎಲ್ಲಿ ಬೀಳಬೇಕೆಂದು ಹೇಳುವವ. ಸೀಸನ್ನಿನಲ್ಲಿ ಅವನಿಗೆ ನಿದ್ದೆ ಬೇಡ, ಮಾತು ನಿಲ್ಲದು. ಬೇರೆ ಬೋಟು ತಿರುಗಿದ ಮೇಲೂ ಇವ ಮುಂದೆ ಹೋಗುತ್ತಾನೆ. ನಮ್ಮ ಬಂದರಿನಲ್ಲಿ ಇದನ್ನು ಹೊಗಳುತ್ತಾರೆ. ಮಳೆ ಬಂದರೆ ಚಾಪೆ ಹಿಡಿಯುತ್ತಾನೆ. ಉಣ್ಣ, ಮೀಯ, ಮಾತಾಡ. ಬೋಟು ಬಂದ್ ಆದಾಗ ಯಾವ ಮೀನುಗಾರ ಎದ್ದು ಕುಣಿಯುತ್ತಾನೆ? ಕಡಲಿನ ಸೀಸನ್ನೇ ಆಳಿನ ಸೀಸನ್ ಎಂದುಕೊಂಡೆವು.

ಈ ಮಳೆಗಾಲ ಚಾಪೆಯಲ್ಲೇ "ಬದ್ಕುದ್ ಸಾಕ್" ಎಂದ. ಹೆಂಡತಿ ಸರೋಜ ಹೆದರಿ ಡಾಕ್ಟ್ರ ಹತ್ತಿರ ಕರೆದೊಯ್ದಳು. "ಮುಂಚೆ ಯಾವಾಗಾದರೂ ನಿದ್ದೆಯಿಲ್ಲದೆ ವಿಪರೀತ ಹುರುಪಿನಲ್ಲಿ ಇದ್ದದ್ದುಂಟಾ?" ಎಂದು ಕೇಳಿದರಂತೆ.

"ಇಲ್ಲೆ. ಒಳ್ಳೆ ಕೆಲಸ್ಗಾರ" ಎಂದಳು.

ಸುಳ್ಳು ಹೇಳಲಿಲ್ಲ, ಪಾಪ. ಆ ಹುರುಪೇ ಕಾಯಿಲೆ ಎಂದು ಅವಳಿಗೆ ಯಾರು ಹೇಳಿದ್ದರು? ಬೇಸರಕ್ಕೆ ಕೊಟ್ಟ ಮಾತ್ರೆ ಅವನನ್ನು ಎಬ್ಬಿಸಿತು. ಎಬ್ಬಿಸಿ ಕಡಲಿನವರೆಗೂ ಓಡಿಸಿತು.

ದೋಣಿಯ ಗಲಾಟೆ ಆದ ಮೇಲೆ ನಾನೂ ಜೊತೆಗೆ ಹೋದೆ. ಡಾಕ್ಟ್ರು ಸೀಸನ್ನಿನ ಕತೆ, ಮಳೆಗಾಲದ ಕತೆ, ವರ್ಷವರ್ಷದ್ದೂ ಕೇಳಿಸಿಕೊಂಡರು. "ಇದು ಬೈಪೋಲಾರ್. ಆ ಹುರುಪು, ಈ ಬೇಸರ ಎರಡೂ ಒಂದೇ ಕಾಯಿಲೆ. ಬೇಸರ ಮಾತ್ರ ಹೇಳಿದರೆ ನಮಗೆ ಅರ್ಧವೇ ಕಾಣುತ್ತದೆ" ಎಂದರು. ಮಾತ್ರೆ ಬದಲಾಯಿಸಿದರು. ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ ಎಂದು ಗದರಿಯೇ ಹೇಳಿದರು.

ಈಗ ರಘು ಮಲಗುತ್ತಾನೆ, ಏಳುತ್ತಾನೆ, ಉಣ್ಣುತ್ತಾನೆ. ಮಾತ್ರೆಯಿಂದ ಕೈ ತುಸು ನಡುಗುತ್ತದೆ. ನಡುಗುವ ಕೈಯಲ್ಲೇ ಬಲೆ ಹೊಲಿಯುತ್ತಾನೆ.

ಕಳೆದ ವಾರ ಬೋಟಿನವರು ಬಂದರು. ಸೀಸನ್ ಹತ್ತಿರ ಬಂತಲ್ಲ!

"ಹ್ವಾಯ್ ಅಕ್ಕ, ಇವ ಎಂತ ಸತ್ತ ಬಂಗ್ಡಿ ಮೀನ್ ಕಣಂಗೆ ಕೂತಿದ್ದ? ಸೀಸನ್ ಮುಗಿವರಿಗೆ ಆ ಮಾತ್ರಿ ನಿಲ್ಸಿ. ನಮ್ ಹಳೇ ತಾಂಡೇಲ ಬರ್ಲಿ."

"ಅವ ಕಡ್ಲಿಗ್ ಹಾರಿರೆ?" ಎಂದೆ.

"ನಾವಿಲ್ಯಾ? ಎಂತ ಆತಿಲ್ಲೆ ಬಿಡಿ."

ಸರೋಜ ಬಾಗಿಲಲ್ಲೇ ನಿಂತಿದ್ದಳು. ರಘು ಬಲೆಯಿಂದ ತಲೆ ಎತ್ತಲಿಲ್ಲ. ಕೇಳಿಸಿಲ್ಲವೇನೋ ಎಂದುಕೊಂಡೆ. ಮರುದಿನ ಬೆಳಿಗ್ಗೆ ಗುಡಿಸುವಾಗ ಅವನ ಚಾಪೆಯಡಿ, ರಾತ್ರಿ ನುಂಗಬೇಕಿದ್ದ ಮಾತ್ರೆಗಳು ಸಿಕ್ಕವು.

ಅವನ ಕಾಯಿಲೆ ಹಿಡಿದು ತಂದ ಮೀನನ್ನು ಇಡೀ ಬಂದರೇ ತಿಂದಿದೆ. ಅವ ಗುಣವಾಗಲಿ ಎನ್ನುವವರು ಯಾರಿದ್ದೀರಿ, ಕೈ ಎತ್ತಿ ಕಾಂಬ?