ಬೀಜಕ್ಕೆ ಬಿಟ್ಟ ಜಿನ್ನಿಯಾ

ಟೈಲರಕ್ಕನಿಗೆ ಇಲ್ಲ ಅನ್ನುವ ಮಾತೇ ಬರುತ್ತಿರಲಿಲ್ಲ. ಬೀದಿಗೆ ಮುಖಮಾಡಿದ ಕೋಣೆ, ಕಿಟಕಿಯ ಕೆಳಗೆ ಹೊಲಿಗೆ ಮಷೀನು, ಕಿಟಕಿಯಾಚೆ ಮಾರುದ್ದದ ಮಣ್ಣು. ಆ ಮಣ್ಣಿನಲ್ಲಿ ವರ್ಷವರ್ಷವೂ ಜಿನ್ನಿಯಾ. ಬೀಜ ಅವಳ ತಾಯಿ ಕೊಟ್ಟದ್ದು. ತಾಯಿ ಹೋದಳು, ಹೂ ಉಳಿಯಿತು. ಹೊಲಿದ ಬಟ್ಟೆ ಒಯ್ಯಲು ಯಾರೇ ಬರಲಿ, ಅಕ್ಕ ಅರಳಿದ್ದರಲ್ಲಿ ದೊಡ್ಡದನ್ನೇ ಕತ್ತರಿಸಿ ಗಂಟಿನ ಮೇಲಿಟ್ಟು ಕೊಡುವಳು. ಹೊಲಿಗೆ ತಡವಾದೀತು, ಹೂ ತಪ್ಪದು ಎಂದು ಗಿರಾಕಿಗಳು ನಗುತ್ತಿದ್ದರು.

ಆದರೆ ಬರಬರುತ್ತ ಹೂ ಕುಗ್ಗಿತು. ಒಂದು ಕಾಲಕ್ಕೆ ಅಂಗೈ ತುಂಬುತ್ತಿದ್ದದ್ದು ಕೋಟಿನ ಗುಂಡಿಯಷ್ಟಾಯಿತು. ಗೊಬ್ಬರ ಹಾಕಿದ್ದಾಯಿತು, ಮಣ್ಣು ಬದಲಿಸಿದ್ದಾಯಿತು. ಹೀಗೇ ಆದರೆ ಅಮ್ಮನ ಹೂ ಹೆಸರಿಗಷ್ಟೇ ಉಳಿದೀತೆಂದು ಅಕ್ಕನ ಜೀವ ಹಿಂಡಿತು.

ಹೊಸಿಲ ಮೇಲೆ ಬಟಾಣಿ ಸುಲಿಯುತ್ತಿದ್ದ ಅತ್ತೆ ಒಂದು ದಿನ ಕೇಳಿದಳು: "ಬೀಜ ಯಾವ ಹೂವಿಂದು ತೆಗೀತೀಯೆ?"

"ಕೊನೇಗೆ ಉಳಿದಿರುತ್ತಲ್ಲ, ಅದರದ್ದು."

"ಚೆನ್ನಾಗಿರೋದನ್ನೆಲ್ಲ ಊರಿಗೆ ಹಂಚ್ತೀಯ, ಯಾರಿಗೂ ಬೇಡದ್ದನ್ನ ಬಿತ್ತುತ್ತೀಯ. ಅದು ಇನ್ನೆಂಥ ಹೂ ಬಿಡಬೇಕು, ಪಾಪ?"

ಅಕ್ಕನ ಕಾಲು ಪೆಡಲಿನ ಮೇಲೇ ನಿಂತುಬಿಟ್ಟಿತು.

ಆ ಸಲ ಮೊದಲು ಅರಳಿದ, ಎಲ್ಲಕ್ಕಿಂತ ದೊಡ್ಡ ಹೂವಿನ ಕಾಂಡಕ್ಕೆ ಅಕ್ಕ ಕೆಂಪು ದಾರ ಕಟ್ಟಿದಳು. ಅಷ್ಟರಲ್ಲೇ ಬೇಕರಿಯವರ ಸೊಸೆ ಬಂದಳು. ತಮ್ಮನ ಮದುವೆಗೆ ಹೊಲಿಸಿದ ಬಟ್ಟೆ ಒಯ್ಯಬೇಕಿತ್ತು.

"ಅಕ್ಕಾ, ಆ ದಾರ ಕಟ್ಟಿರೋದನ್ನೇ ಕೊಡಿ."

ಅಕ್ಕನ ಕೈ ಅಭ್ಯಾಸಬಲದಿಂದ ಕತ್ತರಿಗೆ ಹೋಯಿತು. ಒಳಗೆ ಅತ್ತೆ ಕೆಮ್ಮಿದಳು. ಅಕ್ಕ ಕೈ ಹಿಂದಕ್ಕೆಳೆದುಕೊಂಡಳು.

"ಅದನ್ನ... ಕೊಡಲ್ಲಮ್ಮ."

"ಯಾಕೆ, ನನ್ನ ಮೇಲೇನಾದ್ರೂ ಸಿಟ್ಟಾ?"

"ಸಿಟ್ಟೇನಿಲ್ಲ. ಅದು ಬೀಜ ಕಟ್ಟಬೇಕು."

"ಓ, ಬಸುರೀನಾ? ಹಾಗಾದ್ರೆ ನಾನ್ಯಾಕೆ ಮುಟ್ಟಲಿ. ಪಕ್ಕದ್ದು ಕೊಡಿ, ಸಾಕು."

ಪಕ್ಕದ್ದನ್ನು ತೆಗೆದುಕೊಂಡು ಅವಳು ನಗುತ್ತಲೇ ಹೋದಳು. ಇಲ್ಲ ಅಂದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ಅಕ್ಕನಿಗೆ ತಿಳಿದದ್ದು ಆವತ್ತೇ. ಆಮೇಲೆ ಬಂದವರೆಲ್ಲ "ಬಸುರಿ ಹೇಗಿದ್ದಾಳೆ?" ಎಂದು ಕಿಟಕಿಯಲ್ಲಿ ಇಣುಕುವರು. ಹೂ ಬಾಡಿತು, ಕಂದುಬಣ್ಣಕ್ಕೆ ತಿರುಗಿ ಮುಳ್ಳುಮುಳ್ಳಾಯಿತು. ಅಕ್ಕ ಅದನ್ನು ಉಜ್ಜಿ ಬೀಜ ಬಿಡಿಸಿ ಜೋಪಾನ ಮಾಡಿದಳು.

ಮುಂದಿನ ವರ್ಷ ಗಿಡಗಳು ಸೊಂಟದೆತ್ತರ ಬಂದು, ನೋಡಿದವರು ನಿಲ್ಲುವಂಥ ಹೂ ಬಿಟ್ಟವು. ಬೀಜಕ್ಕೆಂದು ಮೇಲಾದವನ್ನು ಬಿಟ್ಟು ಅಕ್ಕ ತಾನು ಕತ್ತರಿಸಿದ ಮೊದಲ ಹೂವನ್ನು ಅತ್ತೆಗೆ ಕೊಟ್ಟಳು.

"ನಂಗ್ಯಾಕೆ? ಗಿರಾಕಿಗೆ ಕೊಡು ಹೋಗು" ಎಂದಳು ಅತ್ತೆ. ಅನ್ನುತ್ತಲೇ ಲೋಟಕ್ಕೆ ನೀರು ತುಂಬಿ, ಹೂವನ್ನು ತನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡಳು.