ಆಕಾಶದಾಗ ಉಳಿದ ಮಂದಿ

ಅತ್ತೆಗೆ ವಿಮಾನದ ಒಳಗು ಹೇಗಿರುತ್ತದೆಂದು ತೋರಿಸಲು ಹೋಗಿ ಕೆಲಸ ಕೆಡಿಸಿದವಳು ನಾನೇ.

ಹೈದರಾಬಾದಿನಲ್ಲಿರುವ ಅವರ ಅಕ್ಕನಿಗೆ ಮೊಣಕಾಲಿನ ಆಪರೇಶನ್ ನಿಶ್ಚಯವಾಗಿತ್ತು. "ನನ್ನ ತಂಗಿ ಬಂದು ಬಾಜೂಕ ಕುಂತರ ಒಳಗ ಹೋಗತೇನಿ, ಇಲ್ಲಂದ್ರ ಕುಂಟಕೋತನ ಇರತೇನಿ" ಎಂದು ಆಕೆ ಡಾಕ್ಟರಿಗೇ ಹೇಳಿಬಿಟ್ಟಿದ್ದರು. ಅಷ್ಟು ದೂರ ಬಸ್ಸಿನಲ್ಲಿ ಕುಳಿತು ಹೋಗಲು ಅತ್ತೆಯ ಸೊಂಟ ಒಪ್ಪುವಂತಿರಲಿಲ್ಲ. ಹೀಗಾಗಿ ಬೆಳಗಾವಿಯಿಂದ ಗುರುವಾರದ ವಿಮಾನಕ್ಕೆ ಅವರೊಬ್ಬರ ಟಿಕೀಟು ತೆಗೆಸಿದ್ದೆವು. ಅವರು ಅದುವರೆಗೆ ವಿಮಾನ ಹತ್ತಿದವರಲ್ಲ.

ಮಂಗಳವಾರ ಸಂಜೆ ಕಿತ್ತೂರಿನ ನಮ್ಮ ಮನೆಯಲ್ಲಿ ಜೋಳದ ಹಿಟ್ಟು ಸಾಣಿಸುತ್ತ ಟಿವಿ ಹಚ್ಚಿದೆ. ಚಾನೆಲ್ ತಿರುವುವಾಗ ಮಂದಿ ತುಂಬಿದ ಒಂದು ವಿಮಾನ ಕಾಣಿಸಿತು. ಯಾವುದೋ ಡಬ್ ಮಾಡಿದ ಸಿನಿಮಾ, ಆಗಲೇ ಶುರುವಾಗಿತ್ತು. ಒಳ್ಳೆಯದೇ ಆಯಿತೆಂದು ನಾನು ಹಿಟ್ಟಿನ ಕೈಯಲ್ಲೇ ಪಾಠಕ್ಕೆ ನಿಂತೆ.

"ನೋಡ್ರಿ ಅತ್ತಿ, ಹಿಂಗ ಪಟ್ಟಾ ಕಟಗೋಬೇಕು. ಚಾ ಕುಂತಲ್ಲೇ ತಂದು ಕೊಡ್ತಾರ."

"ಸಕ್ಕರಿ ಎಷ್ಟು ಹಾಕ್ತಾರ?"

"ಬ್ಯಾರೆ ಕೊಡ್ತಾರ. ನಿಮಗ ಬೇಕಾದಷ್ಟು ನೀವ ಹಾಕ್ಕೋರಿ."

"ಹಂಗಾದ್ರ ಚಲೋ ಆತು" ಎಂದು ಅತ್ತೆ ಗೋಡೆಗೆ ಆತು ಕುಳಿತರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕೋಟಿನವನೊಬ್ಬ ಎದ್ದು ಪಿಸ್ತೂಲು ತೆಗೆದ. ಪೈಲಟ್ ತೋಳು ಹಿಡಿದುಕೊಂಡು ಕುಸಿದ. ರೆಕ್ಕೆಯಿಂದ ಹೊಗೆ ಬಂತು, ವಿಮಾನ ಒಂದೇ ಮಗ್ಗುಲಿಗೆ ವಾಲಿತು, ಬಸುರಿ ಹೆಂಗಸೊಬ್ಬಳು ಕಿಟಕಿಯತ್ತ ಜಾರಿದಳು. ಗಾಬರಿಯಾಗಿ ಟಿವಿ ಬಂದ್ ಮಾಡಿಬಿಟ್ಟೆ.

ಅದೇ ತಪ್ಪಾಯಿತು. ಅತ್ತೆಯ ತವರು ರಾಮದುರ್ಗ. ಅವರ ಓಣಿಯ ಮಠದಲ್ಲಿ ಶ್ರಾವಣದಲ್ಲಿ ಪುರಾಣ ಹಚ್ಚುತ್ತಿದ್ದರು. ಒಮ್ಮೆ ಕೇಳಲು ಕುಳಿತವರು ಮಂಗಲದವರೆಗೆ, ಅಂದರೆ ಪುರಾಣ ಮುಗಿಯುವ ದಿನದವರೆಗೆ, ಊರು ಬಿಡುತ್ತಿರಲಿಲ್ಲ. ಕಥೆಯೊಳಗಿನವರು ಸಂಕಟದಲ್ಲಿರುವಾಗ ಗಂಟು ಕಟ್ಟಿ ಹೊರಡುವುದಂತೂ ಅವರ ಮನೆತನಕ್ಕೇ ಒಗ್ಗದ ಮಾತು. ಈ ಕಟ್ಟುಪಾಡು ಸಿನಿಮಾದ ತನಕ ಬರುತ್ತದೆಂದು ನನಗೆ ಹೊಳೆದಿರಲಿಲ್ಲ.

"ಅಷ್ಟು ಮಂದಿನ್ನ ಮ್ಯಾಲ ಬಿಟ್ಟು ನಾ ಹೆಂಗ ಹೋಗಲಿ?" ಎಂದು ಅತ್ತೆ ರಾತ್ರಿ ಉಣ್ಣದೆ ಕುಳಿತರು. ಮತ್ತೆ ಟಿವಿ ಹಚ್ಚಿದರೆ ಸಿನಿಮಾ ಮುಗಿದು ಸುದ್ದಿ ಬರುತ್ತಿತ್ತು. ಸುಳ್ಳು ಹೇಳದೆ ದಾರಿ ಇರಲಿಲ್ಲ.

"ಎಲ್ಲಾರೂ ಪಾರಾದ್ರರಿ ಅತ್ತಿ."

"ಆ ಬಸುರಿ?"

"ಆಕೀನೂ."

"ಇಮಾನ ಎಲ್ಲಿ ಇಳೀತು?"

"ಹೊಲದಾಗ."

"ಹೊಲದಾಗ ಏನ ಪೀಕ ಇತ್ತು?"

ಕಡಲೆ ಎಂದೆ. ಅತ್ತೆ ನನ್ನ ಮುಖ ನೋಡಿದರು. "ನೀ ನೋಡಿಲ್ಲ" ಎಂದರು.

ಮರುದಿನ ನನ್ನ ಗಂಡ ತಿಳಿಹೇಳಲು ಕುಳಿತರು. "ಅವ್ವಾ, ಅದು ಸಿನಿಮಾ. ಅವರೆಲ್ಲಾ ಪಗಾರ ತಗೊಂಡು ಯಾವಾಗೋ ಮನಿಗೆ ಹೋಗ್ಯಾರ."

"ಪುರಾಣದಾಗಿನವರೂ ಯಾವಾಗೋ ಹೋಗ್ಯಾರ. ಆದ್ರೂ ಕೇಳತೇವಲ್ಲ?"

ಗಂಡ ಎದ್ದು ಅಂಗಡಿಗೆ ಹೊರಟರು. ಸಿನಿಮಾ ಹುಡುಕೋಣವೆಂದರೆ ಅದರ ಹೆಸರು ಗೊತ್ತಿಲ್ಲ. ಓಣಿಯಲ್ಲಿ ಕೇಳಿದೆ. ಹಿಟ್ಟಿನ ಗಿರಣಿಯಲ್ಲಿ ಒಬ್ಬಾಕೆ ವಿಮಾನ ಸಮುದ್ರಕ್ಕೆ ಬಿತ್ತೆಂದಳು, ಇನ್ನೊಬ್ಬಾಕೆ ಹಿಮದ ಮೇಲೆ ಎಂದಳು. ಇಂಥ ಸಿನಿಮಾ ಇಷ್ಟೊಂದು ಇವೆಯೆಂದು ಅಂದೇ ತಿಳಿದದ್ದು. ಸಂಜೆ ಅತ್ತೆಯ ಅಕ್ಕನ ಫೋನು ಬಂತು, ನಾಳೆ ಹೊರಡುತ್ತೀಯಲ್ಲ ಎಂದು. ಅತ್ತೆ "ನೋಡೂಣು" ಎಂದು ಇಟ್ಟುಬಿಟ್ಟರು. ನಮ್ಮ ಮನೆಯಲ್ಲಿ "ನೋಡೂಣು" ಎಂದರೆ ಇಲ್ಲ ಎಂದೇ ಅರ್ಥ.

ಗುರುವಾರ ಮುಂಜಾನೆ, ನಾನು ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿಯ ಪುಡಿ ಕಟ್ಟುವಾಗ, ಗಂಡ ಫೋನು ಎತ್ತಿ ಹಿಡಿದು ಒಳಗೆ ಬಂದರು. ಅವರ ಅಂಗಡಿ ಪಕ್ಕದ ಮೊಬೈಲ್ ರಿಪೇರಿಯವನು ಬಸುರಿ, ಕೋಟು, ಹೊಗೆ ಇಷ್ಟರ ಮೇಲೇ ಸಿನಿಮಾ ಹುಡುಕಿ ಕೊಟ್ಟಿದ್ದ.

"ಕಾರಿನ್ಯಾಗ ಕೂಡತೇನಿ. ಇಮಾನದ್ದು ಆಮ್ಯಾಲ ಮಾತಾಡೂಣು" ಎಂದರು ಅತ್ತೆ.

ಹಿಂದಿನ ಸೀಟಿನಲ್ಲಿ ನಾನು ಫೋನು ಹಿಡಿದೆ, ಅವರು ಕನ್ನಡಕ ಏರಿಸಿದರು. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿಗೆ ಸಿಕ್ಕು ಕಾರು ನಿಂತಿತು. ಅಲ್ಲೇ ನೆಟ್‌ವರ್ಕೂ ಹೋಗಿ ವಿಮಾನವೂ ಗಾಳಿಯಲ್ಲಿ ನಿಂತಿತು. ಗಂಡ ಹಾರ್ನ್ ಒತ್ತಿದರೆ ಅತ್ತೆ "ಸಾವಕಾಶ ಹೋಗೋ, ಇನ್ನೂ ಆ ಕೋಟಿನಾಂವ ಸಿಕ್ಕಿಲ್ಲ" ಎಂದು ಮಗನನ್ನೇ ಗದರಿಸಿದರು.

ವಿಮಾನ ನಿಲ್ದಾಣ ಮುಟ್ಟಿದಾಗ ಸಿನಿಮಾ ಇನ್ನೂ ಒಂಬತ್ತು ನಿಮಿಷ ಬಾಕಿ. ಗಂಡ ಬಾಗಿಲು ತೆರೆದು ಹಿಡಿದು ನಿಂತರು.

"ಅವ್ವಾ, ಮಂದಿ ಒಳಗ ಹೊಂಟಾರ. ಇಳಿ."

"ತಡಿ. ಚಾ ಕೊಡು ಹುಡುಗಿ ಇಮಾನದ ಗಾಲಿ ಕೆಳಗ ಬಿಡಾಕ ಹತ್ಯಾಳ."

ಹೌದು, ಪೈಲಟ್ಟಿನ ಜಾಗದಲ್ಲಿ ಅವಳೇ ಕುಳಿತಿದ್ದಳು. ಗಂಡ ಕಾರಿನೊಳಗೆ ಬಗ್ಗಿದರು, ಗಡಿಯಾರ ನೋಡುವುದು ಬಿಟ್ಟು ತಾವೂ ನೋಡತೊಡಗಿದರು. ಕಿಡಿ ಹಾರಿಸುತ್ತ ವಿಮಾನ ಹೆದ್ದಾರಿಯ ಮೇಲೆ ಇಳಿದು ನಿಂತಿತು. ಬಸುರಿ ಬಾಗಿಲಿಗೆ ಇಳಿಬಿಟ್ಟ ಜಾರುಬಂಡಿಯಲ್ಲಿ ಜಾರಿ ಕೆಳಗೆ ಬಂದಳು. ಅತ್ತೆ ಕನ್ನಡಕ ತೆಗೆದು ಫೋನಿಗೆ ಕೈಮುಗಿದರು.

"ಆತು. ನಡೀರಿ, ಹೊತ್ತಾತು" ಎಂದು ನಮ್ಮಿಂದಲೇ ತಡವಾಯಿತೆಂಬಂತೆ ಚೀಲ ಎತ್ತಿಕೊಂಡರು. ಒಳಗೆ ಹೋಗುವಾಗ ಹಿಂತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಹೈದರಾಬಾದಿನಿಂದ ಅಕ್ಕನೇ ಫೋನು ಮಾಡಿದರು. "ಬಂದಳವ್ವಾ ನಿಮ್ಮ ಅತ್ತಿ. ಕೈಕಾಲ ಮುಖ ತೊಳಕೊಳ್ಳದ ನನ್ನ ಮೊಣಕಾಲ ಒತ್ತಿ ನೋಡಾಕ ಹತ್ಯಾಳ. ಡಾಕ್ಟರಿಗೆ ಹೇಳಿ ಕಳಿಸೇನಿ, ನಾಳೆ ಮುಂಜಾನೆ ತಯಾರ ಅದೇನಿ ಅಂತ."